ಹಳೆಯ ಕುದುರೆ ಟ್ರೇಲರಿನ ದುರಸ್ತಿ: ಬಣ್ಣ ಮೊದಲೋ, ನೆಲ ಮೊದಲೋ?

ಪ್ರಶ್ನೆ (ಒಹಾಯೊದಿಂದ)

ಎಲ್ಲರಿಗೂ ನಮಸ್ಕಾರ. ಒಹಾಯೊ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿ ನಾವು ಬಹಳ ವರ್ಷಗಳಿಂದ ನೆಲೆಸಿದ್ದೇವೆ. ಮಗಳ ಕುದುರೆ ಸವಾರಿಯ ಆಸೆ ನಾಲ್ಕು ದಿನದ ಹುಮ್ಮಸ್ಸಲ್ಲ ಎಂಬುದು ಮನವರಿಕೆಯಾದ ಮೇಲೆ, ಕಳೆದ ವರ್ಷ ಅವಳಿಗಾಗಿ ಹದಿನಾಲ್ಕು ವರ್ಷ ವಯಸ್ಸಿನ ಕ್ವಾರ್ಟರ್ ಹಾರ್ಸ್ ತಳಿಯ ಹೆಣ್ಣು ಕುದುರೆಯೊಂದನ್ನು ಕೊಂಡೆವು. ಪಶುವೈದ್ಯರ ಬಳಿಗೋ ಸ್ಪರ್ಧೆಗೋ ಕರೆದೊಯ್ಯಬೇಕಾದಾಗಲೆಲ್ಲ ಬೇರೆಯವರ ಟ್ರೇಲರಿಗಾಗಿ ಕಾಯಬೇಕಾಗುತ್ತಿತ್ತು. ಹೀಗಾಗಿ, ಹತ್ತಿರದ ರೈತರೊಬ್ಬರು ಕೊಟ್ಟಿಗೆಯ ಹಿಂದೆ ಹುಲ್ಲಿನ ಮೇಲೆ ಎಷ್ಟೋ ಕಾಲದಿಂದ ನಿಲ್ಲಿಸಿದ್ದ, 1988ರಲ್ಲಿ ತಯಾರಾದ ಎರಡು ಕುದುರೆಗಳ ಟ್ರೇಲರನ್ನು ಕಡಿಮೆ ಬೆಲೆಗೆ ಕೊಂಡು, ದೊಡ್ಡ ವಾಹನವೊಂದರ ಮೇಲೇರಿಸಿ ಮನೆಗೆ ತರಿಸಿದ್ದೇನೆ.

ಅದರ ಮೈಯೆಲ್ಲ ಉಕ್ಕಿನದು. ತಲಾ 3,500 ಪೌಂಡ್ ಹೊರುವ ಎರಡು ಅಚ್ಚುಗಳು, ಪಟ್ಟಿ ಸ್ಪ್ರಿಂಗ್‌ಗಳು, ವಿದ್ಯುತ್ ಬ್ರೇಕುಗಳು ಇವೆ. ಹೊರಗಿನ ಬಣ್ಣ ಹಪ್ಪಳದಂತೆ ಎದ್ದಿದೆ. ಒಳಗೆ ಮೂಲೆಮೂಲೆಗೂ ಕಣಜದ ಗೂಡುಗಳು. ದೀಪಗಳು ಉರಿಯುವುದಿಲ್ಲ. ಟೈರುಗಳ ಹಲ್ಲು ಮಾತ್ರ ಹೊಸದರಂತೆಯೇ ಇದೆ. ನೆಲಕ್ಕೆ ಮರದ ಹಲಗೆ, ಅದರ ಮೇಲೆ ದಪ್ಪ ರಬ್ಬರ್ ಹಾಸು. ಹಾಸಿನ ಮೇಲೆ ನಿಂತು ನಾನು ನಾಲ್ಕಾರು ಸಲ ಜಿಗಿದು ನೋಡಿದೆ, ಏನೂ ಅಲುಗಲಿಲ್ಲ. ಆದ್ದರಿಂದ ಮೊದಲು ತುಕ್ಕು ಉಜ್ಜಿ ಬಣ್ಣ ಬಳಿದು, ಆಮೇಲೆ ದೀಪಗಳನ್ನು ಸರಿಪಡಿಸಿ, ಬೇಸಿಗೆಯ ಹೊತ್ತಿಗೆ ರಸ್ತೆಗೆ ಇಳಿಸಬೇಕೆಂದಿದ್ದೇನೆ.

ಹಾವೇರಿ ಜಿಲ್ಲೆಯ ನಮ್ಮ ಮನೆಯಲ್ಲಿ ಎತ್ತಿನ ಗಾಡಿ ಇತ್ತು. ಕೀಲೆಣ್ಣೆ ಹಾಕುವುದು, ಹೊರಡುವ ಮುನ್ನ ಕಡಾಣಿ ಮುಟ್ಟಿ ನೋಡುವುದು ನನಗೆ ಚಿಕ್ಕಂದಿನಿಂದ ರೂಢಿಯಾದ ಕೆಲಸಗಳು. ಆದರೆ ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ, ಒಳಗೊಂದು ಜೀವವನ್ನು ನಿಲ್ಲಿಸಿಕೊಂಡು ಓಡುವ ಗಾಡಿಯ ಹೊಣೆ ನನಗೆ ಹೊಸದು. ನಾನು ಹಾಕಿಕೊಂಡ ಕ್ರಮ ಸರಿಯೇ? ಯಾವುದನ್ನು ನಾನೇ ಮಾಡಬಹುದು, ಯಾವುದನ್ನು ಬಲ್ಲವರಿಗೆ ಬಿಡಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ (ಟೆಕ್ಸಾಸಿನಿಂದ)

ಇಲ್ಲಿ ನಾನು ವೆಲ್ಡಿಂಗ್ ಕೆಲಸ ಮಾಡುತ್ತೇನೆ. ದನ ಮತ್ತು ಕುದುರೆಗಳ ಟ್ರೇಲರುಗಳೇ ಹೆಚ್ಚಾಗಿ ಬರುತ್ತವೆ. ನಿಮ್ಮ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಬಣ್ಣ ಎಲ್ಲಕ್ಕಿಂತ ಕೊನೆಗೆ, ನೆಲ ಎಲ್ಲಕ್ಕಿಂತ ಮೊದಲು.

ನೀವು ಜಿಗಿದು ನೋಡಿದ್ದರಿಂದ ತಿಳಿಯುವುದು ಬಹಳ ಕಡಿಮೆ. ಸುಮಾರು 1,100 ಪೌಂಡ್ ತೂಗುವ ಕುದುರೆ ಆ ಭಾರವನ್ನೆಲ್ಲ ನಾಲ್ಕು ಗೊರಸುಗಳ ಮೇಲೆ ಇಳಿಸುತ್ತದೆ. ನೀವು ಬ್ರೇಕ್ ಹಾಕಿದಾಗ ಅಥವಾ ತಿರುವಿನಲ್ಲಿ ಅದು ಸಮತೋಲನಕ್ಕಾಗಿ ಕಾಲೂರಿದಾಗ, ಆ ಭಾರದ ದೊಡ್ಡ ಪಾಲು ಒಂದೇ ಗೊರಸಿನ ಅಡಿಯಲ್ಲಿರುವ ಒಂದೇ ಹಲಗೆಯ ಮೇಲೆ ಬೀಳುತ್ತದೆ. ಮುಕ್ಕಾಲು ಅಂಗುಲದ ರಬ್ಬರ್ ಹಾಸು ನಿಮ್ಮ ತೂಕವನ್ನು ನಾಲ್ಕಾರು ಹಲಗೆಗಳಿಗೆ ಹಂಚಿಬಿಡುವುದರಿಂದ, ಕೆಳಗೆ ಹಲಗೆ ಪೂರ್ತಿ ಹಾಳಾಗಿದ್ದರೂ ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ. ಓಡುತ್ತಿರುವ ಟ್ರೇಲರಿನಲ್ಲಿ ನೆಲ ಕುಸಿದು ಕುದುರೆಯ ಕಾಲು ರಸ್ತೆಗೆ ತಾಗುವುದಕ್ಕಿಂತ ಘೋರವಾದ ಅಪಘಾತ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಆದ್ದರಿಂದ ಮೊದಲ ದಿನವೇ ಹಾಸುಗಳನ್ನು ಹೊರಗೆಳೆಯಿರಿ. ನಾಲ್ಕಡಿ ಅಗಲ, ಆರಡಿ ಉದ್ದದ ಒಂದು ಹಾಸು ಹೆಚ್ಚುಕಡಿಮೆ ನೂರು ಪೌಂಡ್ ತೂಗುತ್ತದೆ, ಇಬ್ಬರು ಬೇಕು. ನೆಲವನ್ನು ನೀರಿನಿಂದ ತೊಳೆದು, ಎರಡು ದಿನ ಬಾಗಿಲುಗಳನ್ನು ತೆರೆದಿಟ್ಟು ಒಣಗಿಸಿ. ಬಳಿಕ ಗಟ್ಟಿಯಾದ ಸ್ಕ್ರೂಡ್ರೈವರ್ ಹಿಡಿದು ಪ್ರತಿ ಹಲಗೆಯನ್ನೂ ಗೇಣಿಗೊಂದು ಕಡೆ ಒತ್ತಿ ಚುಚ್ಚುತ್ತ ಬನ್ನಿ. ಒಳ್ಳೆಯ ಮರ ತಡೆಯುತ್ತದೆ, ಕೊಳೆತ ಮರ ನೆನೆದ ಬೆಲ್ಲದಂತೆ ಒಳಗೆ ಬಿಟ್ಟುಕೊಳ್ಳುತ್ತದೆ. ಮೇಲಿನಿಂದ ನೋಡಿದ್ದಷ್ಟೇ ಸಾಲದು. ಚಕ್ರಗಳಿಗೆ ಅಡ್ಡಗಟ್ಟಿ ಕೆಳಗೆ ಮಲಗಿಕೊಂಡು ಕೆಳಮೈಯನ್ನೂ ಹೀಗೆಯೇ ಪರೀಕ್ಷಿಸಬೇಕು. ಹಲಗೆಯ ತುದಿಗಳು ಮೊದಲು ಹಾಳಾಗುತ್ತವೆ, ಏಕೆಂದರೆ ಮರ ನೀರು ಹೀರುವುದೇ ಕತ್ತರಿಸಿದ ತುದಿಯಿಂದ. ಮೂತ್ರ ಬೀಳುವ ಜಾಗವನ್ನೂ ವಿಶೇಷವಾಗಿ ನೋಡಿ: ಹೆಣ್ಣು ಕುದುರೆಯದಾದರೆ ಅದು ಹಿಂಬಾಗಿಲಿನ ಕಡೆ, ಗಂಡಿನದಾದರೆ ನಡುವೆ. ನಿಮಗಿಂತ ಮುಂಚೆ ಇದರಲ್ಲಿ ಯಾವ ಕುದುರೆಗಳು ಓಡಾಡಿದ್ದವೋ ಗೊತ್ತಿಲ್ಲವಾದ್ದರಿಂದ ಎರಡೂ ಕಡೆ ನೋಡಬೇಕು.

ಹಲಗೆಗಿಂತ ಹೆಚ್ಚು ಮುಖ್ಯವಾದದ್ದು ಅದನ್ನು ಹೊತ್ತಿರುವ ಉಕ್ಕಿನ ಅಡ್ಡತೊಲೆಗಳು. ಮೂತ್ರದ ತೇವ, ಅದರಿಂದ ಹುಟ್ಟುವ ಅಮೋನಿಯಾ, ನಿಮ್ಮ ಒಹಾಯೊದಲ್ಲಿ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು, ಇಷ್ಟೂ ಸೇರಿ ಅಡ್ಡತೊಲೆಯ ಮೇಲ್ಭಾಗವನ್ನು, ಅಂದರೆ ಹಲಗೆ ಕುಳಿತಿರುವ, ಕಣ್ಣಿಗೆ ಬೀಳದ ಭಾಗವನ್ನೇ ತಿನ್ನುತ್ತವೆ. ಸಣ್ಣ ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ತಟ್ಟಿ ಕೇಳಿಸಿಕೊಳ್ಳಿ. ಗಟ್ಟಿ ಉಕ್ಕು ಗಂಟೆಯಂತೆ ಠಣ್ ಎನ್ನುತ್ತದೆ. ಸವೆದಿದ್ದರೆ ಸದ್ದು ಮಂಕಾಗಿ, ತುಕ್ಕಿನ ಪದರಗಳು ಚಕ್ಕೆಚಕ್ಕೆಯಾಗಿ ಉದುರುತ್ತವೆ. ಮೇಲ್ಮೈ ತುಕ್ಕನ್ನು ತಂತಿಯ ಬ್ರಷ್‌ನಿಂದ ಉಜ್ಜಿ, ತುಕ್ಕು ನಿವಾರಕ ಹಚ್ಚಿ, ಎಪಾಕ್ಸಿ ಪ್ರೈಮರ್ ಬಳಿದರೆ ಸಾಕು. ಅದನ್ನು ನೀವೇ ಮಾಡಬಹುದು. ಚಕ್ಕೆ ಏಳುವ ತೊಲೆಯನ್ನು ಮಾತ್ರ ಕತ್ತರಿಸಿ ಹೊಸದನ್ನು ಬೆಸೆಯಬೇಕು. ಅದು ವೆಲ್ಡರ್ ಮಾಡಬೇಕಾದ ಕೆಲಸ. ಸವೆದ ತೊಲೆಯ ಮೇಲೆ ತಗಡಿನ ತೇಪೆ ಹಾಕಿಕೊಡುತ್ತೇವೆ ಎನ್ನುವವರಿಗೆ ದಯವಿಟ್ಟು ಒಪ್ಪಬೇಡಿ. ನೀವು ಮೊದಲೇ ಬಣ್ಣ ಬಳಿದಿದ್ದರೆ ಈ ವೆಲ್ಡಿಂಗಿನ ಕಾವಿಗೆ ಅದೆಲ್ಲ ಸುಟ್ಟುಹೋಗುತ್ತಿತ್ತು.

ಎರಡನೆಯ ಉತ್ತರ (ಪೆನ್ಸಿಲ್ವೇನಿಯಾದಿಂದ)

ನೆಲದ ಬಗ್ಗೆ ಮೇಲಿನವರು ಹೇಳಿರುವುದನ್ನು ಸಂಪೂರ್ಣವಾಗಿ ಅನುಮೋದಿಸುತ್ತೇನೆ. ನಾನು ಕೊಂಡಿ, ಚಕ್ರ ಮತ್ತು ಬ್ರೇಕುಗಳ ಬಗ್ಗೆ ಬರೆಯುತ್ತೇನೆ.

ಮೊದಲು ಕೊಂಡಿ. ಟ್ರೇಲರಿನ ಕೊಂಡಿ, ಎಳೆಯುವ ವಾಹನದ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಹಳೆಯ ಟ್ರೇಲರುಗಳ ಕೊಂಡಿಗಳನ್ನು ಬೇರೆಬೇರೆ ಗಾತ್ರದ ಗುಂಡುಗಳಿಗೆ ತಕ್ಕಂತೆ ಮಾಡಿರುತ್ತಾರೆ: 1⅞ ಅಂಗುಲ, 2 ಅಂಗುಲ, 2 5/16 ಅಂಗುಲ. ಕೊಂಡಿಯ ಮೇಲೆ ಗಾತ್ರವನ್ನು ಒತ್ತಿರುತ್ತಾರೆ. ಬಣ್ಣ ಕೆರೆದು ಓದಿಕೊಳ್ಳಿ. ನನ್ನ ಮೊದಲ ಟ್ರೇಲರಿನ ಎರಡು ಅಂಗುಲದ ಕೊಂಡಿಯನ್ನು ನನಗೆ ಅರಿವಿಲ್ಲದೆ 1⅞ ಅಂಗುಲದ ಗುಂಡಿನ ಮೇಲೆ ಕೂರಿಸಿದ್ದೆ. ಅದು ಕುಳಿತಿತು, ಚಿಲಕವೂ ಬಿದ್ದಿತು. ಮನೆಯಂಗಳದ ಇಳಿಜಾರು ದಾಟಿ ರಸ್ತೆಗೆ ಇಳಿಯುವ ಕುಲುಕಿಗೆ ಕೊಂಡಿ ಮೇಲೆದ್ದು ಕಳಚಿತು. ಒಳಗೆ ಕುದುರೆ ಇರಲಿಲ್ಲ, ವೇಗವೂ ಇರಲಿಲ್ಲ. ಅಡ್ಡಡ್ಡವಾಗಿ ಕಟ್ಟಿದ್ದ ಸುರಕ್ಷಾ ಸರಪಳಿಗಳು ಟ್ರೇಲರಿನ ಮೂತಿಯನ್ನು ತೊಟ್ಟಿಲಿನಂತೆ ಹಿಡಿದುಕೊಂಡವು. ಅಂದಿನಿಂದ ಕೊಂಡಿ ಹಾಕಿದ ಮೇಲೆ ಟ್ರೇಲರಿನ ಜ್ಯಾಕನ್ನು ಕೆಳಕ್ಕೆ ತಿರುಗಿಸಿ, ವಾಹನದ ಹಿಂಭಾಗವೂ ಜೊತೆಗೆ ಮೇಲೇಳುತ್ತದೆಯೇ ಎಂದು ನೋಡದೆ ನಾನು ಎಂದೂ ಹೊರಡುವುದಿಲ್ಲ. ಕೊಂಡಿ ಸರಿಯಾಗಿ ಹಿಡಿದಿಲ್ಲವಾದರೆ ಅದು ಆಗಲೇ ಬಿಟ್ಟುಕೊಳ್ಳುತ್ತದೆ. ಇದು ನಿಮ್ಮ ಕಡಾಣಿ ಮುಟ್ಟಿ ನೋಡುವ ಅಭ್ಯಾಸವೇ.

ಟೈರುಗಳ ಹಲ್ಲು ಚೆನ್ನಾಗಿದೆ ಎಂದಿದ್ದೀರಿ. ಟ್ರೇಲರಿನ ಟೈರು ಸವೆದು ಸಾಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಹೆಚ್ಚು. ಪಕ್ಕದ ಗೋಡೆಯ ಮೇಲೆ ಡಾಟ್ ಎಂಬ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2309 ಎಂದಿದ್ದರೆ ಅದು 2009ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಮುಂಚಿನದು. ಐದಾರು ವರ್ಷ ದಾಟಿದ ಟೈರುಗಳನ್ನು ಹಲ್ಲು ಹೇಗೇ ಇರಲಿ ಬದಲಿಸಿ. ಕಾರಿನ ಟೈರು ಹಾಕಬೇಡಿ. ಟ್ರೇಲರಿಗೆಂದೇ ಮಾಡಿದ, ಗಾತ್ರದ ಮುಂದೆ ಎಸ್‌ಟಿ ಎಂದು ಬರೆದ ಟೈರುಗಳನ್ನೇ ಕೊಳ್ಳಿ. ಉದಾಹರಣೆಗೆ, ಎಸ್‌ಟಿ 225/75 ಆರ್15 ಗಾತ್ರದ, ಡಿ ದರ್ಜೆಯ ಒಂದು ಟೈರು 65 ಪಿಎಸ್‌ಐ ಗಾಳಿಯಲ್ಲಿ 2,540 ಪೌಂಡ್ ಹೊರುತ್ತದೆ. ಗಾಳಿ ಕಡಿಮೆಯಾದಷ್ಟೂ ಆ ಸಾಮರ್ಥ್ಯ ಇಳಿದು ಟೈರು ಕಾಯುತ್ತದೆ.

ಚಕ್ರದ ಬೇರಿಂಗ್‌ಗಳಿಗೆ 12 ತಿಂಗಳಿಗೊಮ್ಮೆ ಅಥವಾ 12,000 ಮೈಲಿಗೊಮ್ಮೆ, ಯಾವುದು ಮೊದಲೋ ಆಗ, ಹೊಸ ಗ್ರೀಸ್ ತುಂಬಬೇಕು. ವರ್ಷಗಟ್ಟಲೆ ನಿಂತ ಗಾಡಿಯಾದ್ದರಿಂದ ಈಗ ಎಲ್ಲವನ್ನೂ ಬಿಚ್ಚಲೇಬೇಕು. ಹಳೆಯ ಗ್ರೀಸನ್ನು ಪೂರ್ತಿ ತೊಳೆದು ಒಣಗಿಸಿ, ರೋಲರುಗಳ ಮೇಲೆ ಗುಳಿ, ನೀಲಿಗಟ್ಟಿದ ಕಲೆ ಇದೆಯೇ ನೋಡಿ. ಇದ್ದರೆ ಬೇರಿಂಗನ್ನೂ ಅದು ಕೂರುವ ಬಳೆಯನ್ನೂ ಒಟ್ಟಿಗೇ ಬದಲಿಸಿ. ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯುತ್ತಿದ್ದರೆ, ಗ್ರೀಸ್ ರೋಲರುಗಳ ನಡುವಿನಿಂದ ಇನ್ನೊಂದು ಬದಿಗೆ ಶಾವಿಗೆಯಂತೆ ಹೊರಬರುತ್ತದೆ. ಸುತ್ತಲೂ ಹಾಗೆ ಬಂದರೆ ತುಂಬಿತೆಂದು ಅರ್ಥ. ಜೋಡಿಸುವಾಗ ಚಕ್ರವನ್ನು ತಿರುಗಿಸುತ್ತ ನಟ್ ಬಿಗಿದು, ಸಡಿಲಿಸಿ, ಮತ್ತೆ ಬೆರಳಿನಷ್ಟೇ ಬಿಗಿ ಮಾಡಿ, ಹೊಸ ಪಿನ್ನನ್ನೇ ಹಾಕಿ. ಗ್ರೀಸ್ ತಡೆಯುವ ಸೀಲನ್ನು ಪ್ರತಿ ಸಲವೂ ಹೊಸದು ಹಾಕುವುದು ಅಗತ್ಯ, ಏಕೆಂದರೆ ಅದು ಸೋರಿದರೆ ಗ್ರೀಸ್ ಬ್ರೇಕಿನ ಮೇಲೆ ಹರಡಿ ಬ್ರೇಕ್ ಹಿಡಿಯುವುದೇ ಇಲ್ಲ.

ಚಕ್ರ ಬಿಚ್ಚಿದಾಗಲೇ ಬ್ರೇಕಿನ ಮ್ಯಾಗ್ನೆಟ್‌ಗಳನ್ನು ಪರೀಕ್ಷಿಸಿ. ಮಲ್ಟಿಮೀಟರಿನಲ್ಲಿ ಒಂದೊಂದರ ರೋಧ ಸುಮಾರು 3ರಿಂದ 4 ಓಮ್ ತೋರಿಸಬೇಕು. ಮುಳ್ಳು ಅಲುಗದಿದ್ದರೆ ಒಳಗಿನ ಸುರುಳಿ ತುಂಡಾಗಿದೆ. ಇಷ್ಟು ಹಳೆಯ ಗಾಡಿಯಲ್ಲಿ ಬ್ರೇಕಿನ ಇಡೀ ತಟ್ಟೆಯನ್ನೇ ಹೊಸದು ಹಾಕುವುದು ಒಳಿತೆಂಬುದು ನನ್ನ ಅಭಿಪ್ರಾಯ. ದೀಪಗಳು ಉರಿಯದಿರುವುದಕ್ಕೆ ಮುಖ್ಯ ಕಾರಣ ಬಹುಮಟ್ಟಿಗೆ ಅರ್ಥಿಂಗ್ ತಂತಿಯೇ ಇರುತ್ತದೆ. ತುಕ್ಕು ಹಿಡಿದ ಚೌಕಟ್ಟಿನ ಮೂಲಕ ವಿದ್ಯುತ್ ಮರಳಲಿ ಎಂದು ಬಿಡದೆ, ಬಿಳಿಯ ಅರ್ಥಿಂಗ್ ತಂತಿಯನ್ನು ಪ್ರತಿ ದೀಪಕ್ಕೂ, ಪ್ರತಿ ಬ್ರೇಕಿಗೂ ನೇರವಾಗಿ ಎಳೆಯಿರಿ.

ಕೊಂಡಿ ಕಳಚಿದರೆ ತಾನಾಗಿಯೇ ಬ್ರೇಕ್ ಹಾಕುವ ಪುಟ್ಟ ಪೆಟ್ಟಿಗೆಯೊಂದು ಟ್ರೇಲರಿನ ಮೂತಿಯಲ್ಲಿರುತ್ತದೆ. ಅದರ ಬ್ಯಾಟರಿ ಬ್ರೇಕನ್ನು 15 ನಿಮಿಷ ಹಿಡಿದಿಡಬೇಕೆಂಬುದು ವಾಣಿಜ್ಯ ವಾಹನಗಳಿಗೆ ಇಲ್ಲಿನ ಕೇಂದ್ರ ನಿಯಮ. ನಮಗೂ ಅದೇ ಅಳತೆ ಇರಲಿ. ಅದರ ತಂತಿಯನ್ನು ವಾಹನದ ಚೌಕಟ್ಟಿಗೆ ಕಟ್ಟಬೇಕೇ ಹೊರತು ಸರಪಳಿಗಾಗಲಿ ಗುಂಡಿಗಾಗಲಿ ಅಲ್ಲ. ಆ ತಂತಿಯ ತುದಿಯ ಪಿನ್ನನ್ನು ಪೆಟ್ಟಿಗೆಯಿಂದ ಎಳೆದು, ವಾಹನವನ್ನು ನಿಧಾನವಾಗಿ ಮುಂದಕ್ಕೆ ಓಡಿಸಿ ನೋಡಿ. ಚಕ್ರಗಳು ಉರುಳದೆ ಕಚ್ಚಿ ನಿಲ್ಲಬೇಕು.

ಕೊನೆಗೆ ತೂಕ. ಖಾಲಿ ಟ್ರೇಲರ್ 2,800 ಪೌಂಡ್ ಇದೆಯೆಂದುಕೊಂಡರೆ, ಒಂದು ಕುದುರೆ, ಹುಲ್ಲು, ಜೀನು ಎಲ್ಲ ಸೇರಿ 4,100ರ ಹತ್ತಿರ ಬರುತ್ತದೆ. ಅದರಲ್ಲಿ ನೂರಕ್ಕೆ 10ರಿಂದ 15ರಷ್ಟು, ಎಂದರೆ 410ರಿಂದ 615 ಪೌಂಡ್ ಭಾರ ಕೊಂಡಿಯ ಮೇಲೆ ಬೀಳಬೇಕು. ಅಂದಾಜಿಗೆ ಬಿಡದೆ ಹೆದ್ದಾರಿಯ ಟ್ರಕ್ ತಂಗುದಾಣದ ತೂಕದ ಸೇತುವೆಯ ಮೇಲೆ ಒಮ್ಮೆ ನಿಲ್ಲಿಸಿ ತೂಗಿಸಿಕೊಳ್ಳಿ.

ಮೂರನೆಯ ಉತ್ತರ (ಕೆಂಟಕಿಯಿಂದ)

ನಾನು ಕುದುರೆಗಳ ಆರೈಕೆಯ ಕೆಲಸದಲ್ಲಿದ್ದೇನೆ; ಯಂತ್ರದ ಬಗ್ಗೆ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಟ್ರೇಲರಿನ ಒಳಗೆ ನಿಲ್ಲುವ ಪ್ರಾಣಿಯ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಆ ಕಾಲದ ಟ್ರೇಲರುಗಳು ಇಂದಿನವುಗಳಿಗಿಂತ ಗಿಡ್ಡ ಮತ್ತು ಇಕ್ಕಟ್ಟು. ದುರಸ್ತಿಗೆ ಹಣ ಸುರಿಯುವ ಮುನ್ನ ಒಳಗಿನ ಎತ್ತರವನ್ನು ಅಳೆದು, ನಿಮ್ಮ ಕುದುರೆ ತಲೆ ಎತ್ತಿ ನಿಂತಾಗಿನ ಎತ್ತರದೊಂದಿಗೆ ಹೋಲಿಸಿ ನೋಡಿ. ಕ್ವಾರ್ಟರ್ ಹಾರ್ಸ್ ಸಾಮಾನ್ಯವಾಗಿ ಬಹಳ ಎತ್ತರದ ತಳಿಯಲ್ಲವಾದ್ದರಿಂದ ನಿಮಗೆ ತೊಂದರೆಯಾಗಲಾರದು, ಆದರೂ ಅಳೆಯದೆ ಮುಂದುವರಿಯಬೇಡಿ.

ಬಣ್ಣದ ವಿಷಯಕ್ಕೆ ಬಂದರೆ, ಉಜ್ಜುವ ಮೊದಲು ಅದರಲ್ಲಿ ಸೀಸವಿದೆಯೇ ಎಂದು ಪರೀಕ್ಷಿಸಿ. ಅಮೆರಿಕದಲ್ಲಿ 1978ರಲ್ಲಿ ಸೀಸದ ನಿಷೇಧ ಬಂದದ್ದು ಮನೆಗೆ ಬಳಿಯುವ ಬಣ್ಣಗಳಿಗೆ. ವಾಹನಗಳ ಬಣ್ಣಕ್ಕೆ ಅದು ಅನ್ವಯಿಸಲಿಲ್ಲ. ಕುದುರೆಗಳು ಬೇಸರಕ್ಕೆ ಅಂಚುಗಳನ್ನು ನೆಕ್ಕುತ್ತವೆ, ಕಚ್ಚುತ್ತವೆ. ಉಜ್ಜಿದ ದೂಳು ನಿಮ್ಮ ಮಗಳಿಗೂ ಒಳ್ಳೆಯದಲ್ಲ. ಒಳಗೆ ಬಿಳಿ ಅಥವಾ ತಿಳಿ ಬಣ್ಣವನ್ನೇ ಬಳಿಯಿರಿ. ಹೊರಗಿನ ಬಿಸಿಲಿನಿಂದ ಕತ್ತಲ ಗುಹೆಯೊಂದಕ್ಕೆ ಹತ್ತು ಎಂದರೆ ಯಾವ ಕುದುರೆಯೂ ಹಿಂಜರಿಯುತ್ತದೆ. ಬೆಳಕಿರುವ ಟ್ರೇಲರಿಗೆ ಅದೇ ಕುದುರೆ ಸಮಾಧಾನದಿಂದ ಹತ್ತುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಕಿಟಕಿ ಮತ್ತು ಚಾವಣಿಯ ಗಾಳಿಕಿಂಡಿಗಳು ತುಕ್ಕು ಹಿಡಿದು ಮುಚ್ಚಿಕೊಂಡಿದ್ದರೆ ಬಿಡಿಸಿ, ಚಳಿಗಾಲದಲ್ಲೂ ಗಾಳಿಯಾಡುವಂತೆ ಇಡಿ. ನೆಲವನ್ನು ತಿನ್ನುವ ಅದೇ ಅಮೋನಿಯಾ ಕುದುರೆಯ ಶ್ವಾಸನಾಳವನ್ನೂ ಕೆರಳಿಸುತ್ತದೆ. ಹಾಗಾಗಿ ಪ್ರತಿ ಪ್ರಯಾಣದ ನಂತರ ಲದ್ದಿಯನ್ನೂ ನೆನೆದ ಮರದ ಪುಡಿಯನ್ನೂ ಅಂದೇ ತೆಗೆದುಬಿಡಿ; ನಾಳೆ ಮಾಡಿದರಾಯಿತು ಎಂದು ಬಿಟ್ಟವರ ಟ್ರೇಲರೇ ಮುಂದೆ ಮೇಲಿನವರ ಬಳಿ ವೆಲ್ಡಿಂಗಿಗೆ ಹೋಗುತ್ತದೆ.

ಕುದುರೆಯ ಎದೆಯ ಮುಂದೆ ಅಡ್ಡ ಬರುವ ಎದೆಪಟ್ಟಿ ಮತ್ತು ಹಿಂಭಾಗಕ್ಕೆ ಅಡ್ಡ ಬರುವ ಹಿಂಪಟ್ಟಿಯ ಪಿನ್ನುಗಳನ್ನು ನೋಡಿ: ಕುದುರೆ ಪಟ್ಟಿಯ ಮೇಲೆ ಭಾರ ಹಾಕಿ ಒರಗಿರುವಾಗಲೂ ಅವನ್ನು ಹೊರಗಿನಿಂದ ಎಳೆದು ಬಿಡಿಸಲು ಬರಬೇಕು. ಹತ್ತಿಸುವಾಗ ಮೊದಲು ಹಿಂಪಟ್ಟಿ, ನಂತರ ತಲೆಯ ಹಗ್ಗ. ಇಳಿಸುವಾಗ ಮೊದಲು ತಲೆಯ ಹಗ್ಗ ಬಿಚ್ಚಿ, ನಂತರವೇ ಹಿಂಪಟ್ಟಿ. ಮಗಳಿಗೆ ಇದನ್ನು ಬಾಯಿಪಾಠ ಮಾಡಿಸಿ, ಏಕೆಂದರೆ ತಲೆ ಕಟ್ಟಿರುವಾಗ ಹಿಂದೆ ತೆರವಾದರೆ ಕುದುರೆ ಹಿಂದಕ್ಕೆ ಸರಿದು, ಹಗ್ಗ ಬಿಗಿದು, ಗಾಬರಿಯಿಂದ ಮೇಲೆ ಬೀಳುತ್ತದೆ. ಒಂದೇ ಕುದುರೆಯಿದ್ದಾಗ ಅದನ್ನು ಎಡಭಾಗದಲ್ಲಿ ನಿಲ್ಲಿಸಿ. ಇಲ್ಲಿ ನಾವು ರಸ್ತೆಯ ಬಲಕ್ಕೆ ಓಡಿಸುತ್ತೇವೆ, ರಸ್ತೆ ನಡುವೆ ಉಬ್ಬಿ ಬಲದ ಅಂಚಿಗೆ ಇಳಿಜಾರಾಗಿರುತ್ತದೆ. ಭಾರ ಎತ್ತರದ ಬದಿಯಲ್ಲಿದ್ದರೆ ಟ್ರೇಲರ್ ಅಂಚಿನ ಕಡೆಗೆ ವಾಲುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಶನಿವಾರ ನೆರೆಯವರ ನೆರವಿನಿಂದ ಹಾಸುಗಳನ್ನು ತೆಗೆದೆ. ಕೆಳಗಿನಿಂದ ಎದ್ದ ವಾಸನೆಗೆ ಕಣ್ಣಲ್ಲಿ ನೀರು ಬಂತು. ತೊಳೆದು ಒಣಗಿಸಿದ ಮೇಲೆ ನೋಡಲು ಹಲಗೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿಯೇ ಇದ್ದವು. ಸ್ಕ್ರೂಡ್ರೈವರ್ ಹಿಡಿದು ಮುಂದಿನಿಂದ ಚುಚ್ಚುತ್ತ ಬಂದೆ. ಎಲ್ಲ ಕಡೆ ಮರ ತಡೆಯಿತು. ಹಿಂಬಾಗಿಲಿನಿಂದ ಒಂದೂವರೆ ಅಡಿ ಒಳಗೆ, ಎಡದಿಂದ ಎರಡನೆಯ ಹಲಗೆಯಲ್ಲಿ, ಹೆಚ್ಚು ಒತ್ತದೆಯೇ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿದುಹೋಯಿತು. ನೀವು ಈಗ ಹೇಳಿದ ಎಡಭಾಗದಲ್ಲಿ, ನಮ್ಮ ಕುದುರೆಯ ಹಿಂಗಾಲುಗಳು ನಿಲ್ಲುವ ಜಾಗವೇ ಅದು. ಮಗಳು ಪಕ್ಕದಲ್ಲೇ ನಿಂತಿದ್ದಳು. ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಹಲಗೆಗಳನ್ನೆಲ್ಲ ಕಿತ್ತಿದ್ದೇನೆ. ಅಡ್ಡತೊಲೆಗಳಲ್ಲಿ ಹಿಂದಿನ ಎರಡು ಸುತ್ತಿಗೆಯ ಪೆಟ್ಟಿಗೆ ಚಕ್ಕೆ ಉದುರಿಸಿದವು, ಉಳಿದವು ಗಂಟೆಯಂತೆಯೇ ನುಡಿದವು. ಆ ಎರಡನ್ನೂ ಬದಲಿಸಲು ಇಲ್ಲಿನ ವೆಲ್ಡರ್ ಒಬ್ಬರು ಒಪ್ಪಿದ್ದಾರೆ. ಟೈರುಗಳ ಮೇಲೆ ಸಿಕ್ಕ ಅಂಕಿ 1411, ಹೊಸವನ್ನು ತರಿಸುತ್ತಿದ್ದೇನೆ. ಹೊಸ ನೆಲಕ್ಕೆ ಯಾವ ಮರ ತರಲಿ, ಹೇಗೆ ಕೂರಿಸಲಿ ಎಂಬುದೊಂದೇ ಈಗ ಉಳಿದಿರುವ ಪ್ರಶ್ನೆ.

ಮೊದಲ ಉತ್ತರಿಸಿದವರಿಂದ ಮತ್ತೆ

ಸಕಾಲದಲ್ಲಿ ನೋಡಿದಿರಿ. ಮನಸ್ಸಿಗೆ ನಿಜವಾಗಿಯೂ ನೆಮ್ಮದಿಯಾಯಿತು.

ಎರಡು ಆಯ್ಕೆಗಳಿವೆ: ಬಿಳಿ ಓಕ್ ಅಥವಾ ಸಂಸ್ಕರಿಸಿದ ಹಳದಿ ಪೈನ್, ಎರಡೂ ಎರಡು ಅಂಗುಲ ದಪ್ಪದ್ದೆಂದು ಮಾರುವ ಹಲಗೆಗಳು. ಓಕ್ ಎಂದು ಕೇಳಿದರೆ ಕೆಂಪು ಓಕ್ ಕೊಟ್ಟುಬಿಡುತ್ತಾರೆ, ಎಚ್ಚರ. ಕೆಂಪು ಓಕಿನ ನಾಳಗಳು ತೆರೆದಿರುತ್ತವೆ, ನೀರನ್ನು ಹೀರುತ್ತವೆ. ಬಿಳಿ ಓಕಿನ ನಾಳಗಳು ಒಳಗಿನಿಂದಲೇ ಮುಚ್ಚಿಕೊಂಡಿರುವುದರಿಂದ ನೀರು ಸುಲಭವಾಗಿ ಒಳಗಿಳಿಯುವುದಿಲ್ಲ. ಬೆಲೆಯ ದೃಷ್ಟಿಯಿಂದ ನಾನು ಹೆಚ್ಚಾಗಿ ಪೈನನ್ನೇ ಬಳಸುತ್ತೇನೆ. ಆದರೆ ಇಂದಿನ ಸಂಸ್ಕರಿಸಿದ ಮರದಲ್ಲಿ ತಾಮ್ರದ ಅಂಶ ಹೆಚ್ಚು, ಅದು ಬರಿಯ ಉಕ್ಕನ್ನು ಬೇಗ ತಿನ್ನುತ್ತದೆ. ಆದ್ದರಿಂದ ಅಡ್ಡತೊಲೆಗಳಿಗೆ ಎರಡು ಸಲ ಎಪಾಕ್ಸಿ ಬಳಿದು, ಪೂರ್ತಿ ಒಣಗಿದ ಮೇಲೆಯೇ ಹಲಗೆ ಕೂರಿಸಿ. ಬೋಲ್ಟುಗಳು ಬಿಸಿ ಸತುವಿನಲ್ಲಿ ಅದ್ದಿದವು ಅಥವಾ ಸ್ಟೇನ್‌ಲೆಸ್ ಉಕ್ಕಿನವು ಆಗಿರಲಿ. ಕತ್ತರಿಸಿದ ಪ್ರತಿ ತುದಿಗೂ ಮರದ ಸಂರಕ್ಷಕ ದ್ರವವನ್ನು ಹಚ್ಚಿ. ಹಸಿ ಮರ ತಂದಿದ್ದರೆ ಕೆಲವು ವಾರ ನೆರಳಿನಲ್ಲಿ ಸಾಲುಗಟ್ಟಿ ಒಣಗಿಸಿ, ಇಲ್ಲವಾದರೆ ಆಮೇಲೆ ಕುಗ್ಗಿ ಸಂದು ಅಗಲವಾಗುತ್ತದೆ. ಹಲಗೆಗಳ ನಡುವೆ ಕಾಲಂಗುಲದಷ್ಟು ಸಂದು ಬಿಡಿ. ಕೆಳಗೆ ಇಳಿಯಬೇಕಾದ ನೀರು ಮೇಲೆ ನಿಂತರೆ ಎಲ್ಲ ಶ್ರಮವೂ ವ್ಯರ್ಥ.

ಇನ್ನು ಮುಂದೆ ತಿಂಗಳಿಗೊಮ್ಮೆಯಾದರೂ ಹಾಸುಗಳನ್ನು ಮಡಚಿ ಎತ್ತಿ ಒಣಗಿಸಿ, ವರ್ಷಕ್ಕೆರಡು ಬಾರಿ ಪೂರ್ತಿ ಹೊರಗೆಳೆದು ಚುಚ್ಚಿ ನೋಡಿ. ಚಳಿಗಾಲದಲ್ಲಿ ಉಪ್ಪಿನ ರಸ್ತೆಯಲ್ಲಿ ಓಡಿಸಿದ ದಿನ ಕೆಳಮೈಯನ್ನು ತೊಳೆಯಲೇಬೇಕು. ನಿಲ್ಲಿಸುವಾಗ ಹುಲ್ಲಿನ ಮೇಲೆ ಬೇಡ, ಜಲ್ಲಿಯ ಮೇಲೆ ನಿಲ್ಲಿಸಿ, ಮೂತಿಯನ್ನು ತುಸು ಎತ್ತರಿಸಿಡಿ. ಒಳಗೆ ಬಿದ್ದ ಮಳೆನೀರು ಹಿಂದಕ್ಕೆ ಹರಿದುಹೋಗುತ್ತದೆ.

ಮೊದಲ ಓಡಾಟ ಖಾಲಿ ಟ್ರೇಲರಿನೊಂದಿಗೆ ಇರಲಿ. ಹೊಸದಾಗಿ ಹಾಕಿದ ಚಕ್ರಗಳ ನಟ್ಟುಗಳು ಸಡಿಲಗೊಳ್ಳುವುದು ಸಹಜವಾದ್ದರಿಂದ 10, 25 ಮತ್ತು 50 ಮೈಲಿ ಕ್ರಮಿಸಿದಾಗ ನಿಲ್ಲಿಸಿ ಟಾರ್ಕ್ ವ್ರೆಂಚಿನಿಂದ ಬಿಗಿ ನೋಡಿಕೊಳ್ಳಿ. ಅದೇ ಹೊತ್ತಿಗೆ ಪ್ರತಿ ಚಕ್ರದ ನಡುಗುಂಬಕ್ಕೂ ಅಂಗೈ ಇಟ್ಟು ನೋಡಿ. ನಾಲ್ಕರಲ್ಲಿ ಒಂದು ಮಾತ್ರ ಕೈ ಇಡಲಾಗದಷ್ಟು ಕಾದಿದ್ದರೆ ಆ ಚಕ್ರವನ್ನು ಮತ್ತೆ ಬಿಚ್ಚಿ ನೋಡುವವರೆಗೆ ಕುದುರೆಯನ್ನು ಹತ್ತಿಸಬೇಡಿ.